ಮೂರು ಎಂಜಿನ್ನಿನ ಬಾಂಬರ್ ವಿಮಾನ

ಎರಡನೇ ಮಹಾಯುದ್ಧದಲ್ಲಿ ಇಟಲಿಯವರಲ್ಲಿ ಸವೋಯಾ-ಮಾರ್ಕೆಟ್ಟಿ ಎಸ್.ಎಂ. 79 ಎಂಬ ಬಾಂಬರ್ ವಿಮಾನವಿತ್ತು. ಅದು ಮೊದಲು ಹಾರಿದ್ದು 1934ರಲ್ಲಿ. ಎರಡು ರೆಕ್ಕೆಗೆ ಎರಡು, ಮೂಗಿಗೊಂದು, ಒಟ್ಟು ಮೂರು ಎಂಜಿನ್. ಮೂರು ಯಾಕೆ ಅಂತೀರಾ? ಆಗಿನ ಇಟಲಿ ಎಂಜಿನ್‌ಗಳಿಗೆ ಶಕ್ತಿ ಸಾಲದು, ಒಂದೊಂದಕ್ಕೆ ಸುಮಾರು 780 ಅಶ್ವಶಕ್ತಿ ಅಷ್ಟೆ. ಎರಡೇ ಇದ್ದು ಒಂದಕ್ಕೆ ಗುಂಡು ಬಿದ್ದರೆ ಅರ್ಧ ಶಕ್ತಿ ಹೋಯ್ತು. ಮೂರಿದ್ದರೆ ಮೂರರಲ್ಲಿ ಎರಡು ಪಾಲು ಉಳಿಯುತ್ತೆ, ಒಳಗಿನವರು ಜೀವಂತ ಮನೆ ಸೇರಬಹುದು.

ಆದರೆ ಬಾಂಬ್ ಗುರಿ ಇಡುವವನು ಕೂರಬೇಕಾದ ಮೂಗಿನಲ್ಲೇ ಎಂಜಿನ್ ಕೂತಿತ್ತು! ಪಾಪ, ಅವನಿಗೆ ವಿಮಾನದ ಹೊಟ್ಟೆಯ ಕೆಳಗೆ ತೊಟ್ಟಿಲಿನಂಥ ಇಕ್ಕಟ್ಟು ಜಾಗ. ಪೆಟ್ರೋಲು, ರಿಪೇರಿ ಕೆಲಸವೂ ಜಾಸ್ತಿ. ನನಗನಿಸುವಂತೆ ಇದು ಟಾರ್ಪೆಡೊ ಬಿಡೋದಕ್ಕೇ ಸರಿ. ಮೆಡಿಟರೇನಿಯನ್ ಸಮುದ್ರದಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ಹಾಗೇ ಬಳಸಿದರು. ನೀರಿನ ಮೇಲೆ ತಗ್ಗಿನಲ್ಲಿ ಹಾರಿ ಪೈಲಟ್ಟೇ ಗುರಿ ಹಿಡೀತಿದ್ದ, ಮೂಗಿನ ಎಂಜಿನ್ ಅಡ್ಡಿಯಾಗಲಿಲ್ಲ.