ಕರೆಂಟ್ ಉಳಿಸಲು ಮನೆ ಮೇಲೆ ಸಾಲ: ಮೊದಲು ಬಿಲ್ ನೋಡಿ, ಆಮೇಲೆ ಕಂತು



ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಮನೆಗಳ ಮಾಳಿಗೆಯ ಮೇಲೆ ಎರಡು ಬಗೆಯ ಸೌರ ಸಾಧನಗಳು ಕಾಣುತ್ತವೆ. ನೀರು ಕಾಯಿಸುವ ಸೋಲಾರ್ ಹೀಟರ್ ಹಳೆಯದು. ಕರೆಂಟ್ ಕೊಡುವ ಪ್ಯಾನೆಲ್ ಈಚಿನದು. ಪ್ಯಾನೆಲ್ ಮಾರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಸಾಲ ಸಿಗುತ್ತದೆ, ಉಳಿದ ಬಿಲ್ ಹಣದಲ್ಲೇ ಕಂತು ತೀರುತ್ತದೆ." ಈ ಮಾತು ಕೆಲವು ಮನೆಗಳಿಗೆ ನಿಜ, ಕೆಲವು ಮನೆಗಳಿಗೆ ಸುಳ್ಳು. ನಮ್ಮ ಮನೆ ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಬೆಸ್ಕಾಂ ಬಿಲ್ ಮತ್ತು ನಾವು ತರಗತಿಯಲ್ಲಿ ಕಲಿತ ಬಡ್ಡಿ ಲೆಕ್ಕ ಸಾಕು.

ಅಡಮಾನ ಸಾಲ ಮತ್ತು ವಿದ್ಯುತ್

ಮನೆ ಅಥವಾ ನಿವೇಶನದ ಪತ್ರವನ್ನು ಭದ್ರತೆಯಾಗಿ ಇಟ್ಟು ಪಡೆಯುವ ಸಾಲವೇ ಅಡಮಾನ ಸಾಲ. ಭದ್ರತೆ ಇರುವುದರಿಂದ ಬಡ್ಡಿ ದರ ಕಡಿಮೆ, ಅವಧಿ ಉದ್ದ. ಸಾಲ ತೀರಿಸದಿದ್ದರೆ ಮನೆಗೇ ಅಪಾಯ. ಅಮೆರಿಕದಲ್ಲಿ ಕಿಟಕಿ, ಗೋಡೆ, ಹೀಟರ್ ಸುಧಾರಿಸುವ ಖರ್ಚನ್ನು ಗೃಹಸಾಲದೊಳಗೇ ಸೇರಿಸುವ 'ಎನರ್ಜಿ ಎಫಿಷಿಯೆಂಟ್ ಮಾರ್ಟ್‌ಗೇಜ್' ಎಂಬ ಪದ್ಧತಿ 1990ರ ದಶಕದಿಂದ ಇದೆ. ಇಂಧನದ ಬಿಲ್ ಇಳಿದರೆ ಕಂತು ಕಟ್ಟುವ ಶಕ್ತಿ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ತರ್ಕ.

ಕರ್ನಾಟಕಕ್ಕೂ ಈ ತರ್ಕ ಹೊಸದಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಹಳ್ಳಿಯ ಮನೆಗಳಿಗೆ ಸೌರದೀಪ ಕೊಡುವಾಗ ಬ್ಯಾಂಕ್ ಸಾಲವನ್ನೂ ಜೊತೆಗೂಡಿಸಿತು. ಕಂತು ಕುಟುಂಬದ ಆದಾಯ ಬರುವ ರೀತಿಗೆ ಹೊಂದಬೇಕು ಎಂಬುದು ಅದರ ನಂಬಿಕೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ, ಸೌರದೀಪದ ಸಾಲದ ಬಡ್ಡಿಯಲ್ಲಿ ಒಂದು ಪಾಲನ್ನು ತಾನೇ ಭರಿಸಿತು. ಸಾವಿರಾರು ಕುಟುಂಬಗಳು ಆ ಸಾಲ ಪಡೆದವು.

ಇಂದು ನಮ್ಮ ಮುಂದಿರುವ ದಾರಿಗಳು

1. ಟಾಪ್-ಅಪ್ ಸಾಲ. ಈಗಾಗಲೇ ಗೃಹಸಾಲ ಇರುವವರು ಅದೇ ಅಡಮಾನದ ಮೇಲೆ ಇನ್ನಷ್ಟು ಹಣ ಪಡೆಯುವುದು. ಅವಧಿ ಹದಿನೈದು ಇಪ್ಪತ್ತು ವರ್ಷಕ್ಕೂ ಹೋಗಬಹುದು.

2. ಪಿಎಂ ಸೂರ್ಯಘರ್ ಯೋಜನೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆ ಇದು. ಸಹಾಯಧನ 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂ. ಈ ಹಣ ಪ್ಯಾನೆಲ್ ಅಳವಡಿಸಿದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. 3 ಕಿಲೋವ್ಯಾಟ್‌ವರೆಗೆ ಅಡಮಾನವಿಲ್ಲದೆ ಸಾಲವೂ ಸಿಗುತ್ತದೆ. ಯೋಜನೆ ಶುರುವಾದಾಗ ಬಡ್ಡಿ ಸುಮಾರು ಶೇ. 7 ಇತ್ತು. ಈ ದರ ರೆಪೋ ದರದ ಜೊತೆ ಏರಿಳಿಯುತ್ತದೆ.

3. ಅಂಗಡಿಯ ಕಂತು. ಫ್ರಿಜ್, ಫ್ಯಾನ್ ಕೊಳ್ಳುವಾಗ "ಸೊನ್ನೆ ಬಡ್ಡಿ" ಎನ್ನುತ್ತಾರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬಡ್ಡಿ ಪ್ರೊಸೆಸಿಂಗ್ ಶುಲ್ಕದಲ್ಲಿ ಇರುತ್ತದೆ, ಇಲ್ಲವೇ ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ತಪ್ಪಿಹೋಗಿರುತ್ತದೆ.

ಕಂತು ಸಣ್ಣದಾದರೆ ಸಾಲ ಅಗ್ಗವೇ?

ಒಂದು ಲಕ್ಷ ರೂಪಾಯಿ ಸಾಲವನ್ನು ಮೂರು ರೀತಿಯಲ್ಲಿ ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ.

ಶೇ. 9, 20 ವರ್ಷ: ತಿಂಗಳ ಕಂತು ಸುಮಾರು 900 ರೂ. ಒಟ್ಟು ಬಡ್ಡಿ ಸುಮಾರು 1,16,000 ರೂ.
ಶೇ. 9, 5 ವರ್ಷ: ಕಂತು ಸುಮಾರು 2,076 ರೂ. ಒಟ್ಟು ಬಡ್ಡಿ ಸುಮಾರು 24,500 ರೂ.
ಶೇ. 6, 10 ವರ್ಷ: ಕಂತು ಸುಮಾರು 1,110 ರೂ. ಒಟ್ಟು ಬಡ್ಡಿ ಸುಮಾರು 33,200 ರೂ.

ಮೊದಲನೆಯದರಲ್ಲಿ ಕಂತು ಎಲ್ಲಕ್ಕಿಂತ ಕಡಿಮೆ, ಆದರೆ ಬಡ್ಡಿ ಅಸಲನ್ನೇ ಮೀರಿದೆ. ಸವಕಳಿಯ ಪಾಠವನ್ನೂ ಇಲ್ಲಿ ನೆನೆಯಬೇಕು. ಸೌರ ಪ್ಯಾನೆಲ್ 25 ವರ್ಷ ಕೆಲಸ ಮಾಡಬಹುದು, ಅದರ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಫ್ಯಾನ್, ಫ್ರಿಜ್ ಇನ್ನೂ ಬೇಗ ಹಳತಾಗುತ್ತವೆ. ಗುಜರಿಗೆ ಹೋದ ಫ್ರಿಜ್‌ಗೆ ಇನ್ನೂ ಹತ್ತು ವರ್ಷ ಕಂತು ಕಟ್ಟುವ ಮನೆ ನಷ್ಟದಲ್ಲಿದೆ. ಆದ್ದರಿಂದ ಮೊದಲ ಸೂತ್ರ: ಸಾಲದ ಆಯಸ್ಸು ವಸ್ತುವಿನ ಆಯಸ್ಸಿಗಿಂತ ಚಿಕ್ಕದಿರಬೇಕು. ಟಾಪ್-ಅಪ್ ತೆಗೆದುಕೊಂಡಾಗಿದ್ದರೂ, ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಸಹಾಯಧನ ಬಂದ ದಿನವೇ ಅದನ್ನು ಅಸಲಿಗೆ ಕಟ್ಟಿಬಿಡುವುದು ಒಳ್ಳೆಯದು.

ಮೂರು ಮನೆಗಳ ಲೆಕ್ಕ

ಕರೆಂಟ್ ಯೂನಿಟ್‌ಗೆ 6 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಮೊದಲ ಮನೆ ತಿಂಗಳಿಗೆ 300 ಯೂನಿಟ್ ಬಳಸುತ್ತದೆ. ಯೂನಿಟ್ ಲೆಕ್ಕದಲ್ಲಿ 1,800 ರೂ. ಬಿಲ್. 3 ಕಿಲೋವ್ಯಾಟ್ ಪ್ಯಾನೆಲ್‌ಗೆ 1,80,000 ರೂ. ಎಂದುಕೊಂಡರೆ, ಸಹಾಯಧನ ಕಳೆದು ಸುಮಾರು ಒಂದು ಲಕ್ಷ ಉಳಿಯುತ್ತದೆ. ಇಷ್ಟು ಪ್ಯಾನೆಲ್ ತಿಂಗಳಿಗೆ 300 ಯೂನಿಟ್ ಕೊಡಬಲ್ಲದು. ಶೇ. 6ರ ಸಾಲಕ್ಕೆ ಕಂತು 1,110 ರೂ. ನಿಗದಿತ ಶುಲ್ಕ ಕಟ್ಟಲೇಬೇಕು. ಆದರೂ ತಿಂಗಳಿಗೆ ಸುಮಾರು 690 ರೂ. ಕೈಯಲ್ಲಿ ಉಳಿಯುತ್ತದೆ. ಮಾರುವವರ ಮಾತು ಈ ಮನೆಗೆ ನಿಜ.

ಎರಡನೇ ಮನೆ ತಿಂಗಳಿಗೆ 120 ಯೂನಿಟ್ ಬಳಸುತ್ತದೆ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಿಂದ ಅದರ ಬಿಲ್ ಸೊನ್ನೆ. ಸೊನ್ನೆಯಿಂದ ಉಳಿಸುವುದಕ್ಕೆ ಏನೂ ಇಲ್ಲ. ಉಳಿತಾಯವೆಂದರೆ ನಾವು ಈಗ ಜೇಬಿನಿಂದ ಕಟ್ಟುತ್ತಿರುವ ಹಣ ಮಾತ್ರ. ಈ ಮನೆಗೆ ಸಾಲ ಮಾಡಿ ಪ್ಯಾನೆಲ್ ಹಾಕಿಸಿದರೆ ಕಂತು ಪೂರ್ತಿ ಹೊಸ ಖರ್ಚು.

ಮೂರನೇ ಮನೆಯನ್ನು ಗಮನವಿಟ್ಟು ನೋಡಿ. ಗೃಹಜ್ಯೋತಿಯಲ್ಲಿ ಇಂಥ ಮನೆಗೆ ಸಾಮಾನ್ಯವಾಗಿ 2022–23ರ ಸರಾಸರಿ ಬಳಕೆಯ ಜೊತೆ ಶೇ. 10 ಸೇರಿಸಿ ಒಂದು ಮಿತಿ ಇದೆ. ಮಿತಿ ದಾಟಿದರೂ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈ ಮನೆಯ ಮಿತಿ 190, ಬಳಕೆ 205 ಎಂದುಕೊಳ್ಳಿ. ಆಗ 205 ಯೂನಿಟ್‌ಗೂ ಸೇರಿ 1,230 ರೂ. ಆಗುತ್ತದೆ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಎರಡು ಬದಲಿಸಿದರೆ 32 ಯೂನಿಟ್. ಬಳಕೆ 173ಕ್ಕೆ ಇಳಿದು ಬಿಲ್ಲೇ ಸೊನ್ನೆಯಾಗುತ್ತದೆ. ಫ್ಯಾನ್‌ಗೆ ತಲಾ 3,000 ರೂ. ಎಂದರೂ ಹಾಕಿದ 6,000 ರೂ. ಐದು ತಿಂಗಳಲ್ಲಿ ವಾಪಸ್. ಬ್ಯಾಂಕಿನ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ನಮ್ಮ ಭಾಗದ ನಾಲ್ಕೈದು ಜನರ ಮನೆಗಳು ಬೇಸಿಗೆಯಲ್ಲಿ ಈ ಗೆರೆಯ ಆಚೀಚೆ ಇರುವುದು ಸುಲಭ.

ಸೂದ್ ಬೇಡ ಎನ್ನುವ ಮನೆಗಳು

ನಮ್ಮಲ್ಲಿ ಹಲವರ ಮನೆಗಳಲ್ಲಿ ಬಡ್ಡಿಗೆ ಸೂದ್ ಎನ್ನುತ್ತೇವೆ, ಅದರಿಂದ ದೂರ ಇರುತ್ತೇವೆ. ಮಸಲೆ ಹೇಳುವುದು ಆಲಿಮರ ಕೆಲಸ. ನಾನು ಲೆಕ್ಕದ ಕಡೆಯಿಂದ ಮಾತ್ರ ಬರೆಯುತ್ತಿದ್ದೇನೆ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಇರಬೇಕು ಎಂದು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದಿತು. ಆದ್ದರಿಂದ ಇಲ್ಲಿನ ಬ್ಯಾಂಕ್ ಕೌಂಟರ್‌ನಲ್ಲಿ ಬಡ್ಡಿಯಿಲ್ಲದ ಗೃಹಸಾಲ ಕೇಳಿದರೆ ಸಿಗುವುದಿಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಒಂದು, ಉಳಿತಾಯವನ್ನೇ ಬಂಡವಾಳ ಮಾಡುವುದು. ಬಿಲ್ ಕಟ್ಟುವ ಮನೆ ನಾಲ್ಕು ಫ್ಯಾನ್ ಬದಲಿಸಿದರೆ ತಿಂಗಳಿಗೆ ಸುಮಾರು 385 ರೂ. ಮಿಗುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿಟ್ಟರೆ ಮುಂದೆ ಸೋಲಾರ್ ಹೀಟರ್‌ಗೆ ಆಗುತ್ತದೆ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹೀಟರ್ ಬಂದ ಮೇಲೆ ಅದರಲ್ಲೂ ಹೆಚ್ಚಿನ ಪಾಲು ಉಳಿಯುತ್ತದೆ. ಎರಡು, ಸಂಬಂಧಿಕರಿಂದ ಕರ್ಜೆ ಹಸನ. ಮೂರು, ನಮ್ಮ ಅಮ್ಮಂದಿರು ನಡೆಸುವ ಹರಾಜಿಲ್ಲದ ಚೀಟಿ. ಹನ್ನೆರಡು ಜನ ತಿಂಗಳಿಗೆ 2,000 ರೂ. ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ 24,000 ರೂ. ಯಾರೂ ಹೆಚ್ಚು ಕೊಡುವುದಿಲ್ಲ, ಯಾರಿಗೂ ಕಡಿಮೆ ಬರುವುದಿಲ್ಲ. ನಾಲ್ಕು, ಮುರಾಬಹ. ಸಂಸ್ಥೆ ವಸ್ತುವನ್ನು ತಾನೇ ಕೊಂಡು, ಕೊಂಡ ಬೆಲೆ ಮತ್ತು ತನ್ನ ಲಾಭ ಎರಡನ್ನೂ ತಿಳಿಸಿ ಕಂತಿನಲ್ಲಿ ಮಾರುವ ವ್ಯಾಪಾರ ಅದು.

ಆದರೆ 'ಹಲಾಲ್' ಎಂಬ ಹೆಸರೊಂದೇ ಭರವಸೆಯಲ್ಲ. 2019ರಲ್ಲಿ ಶಿವಾಜಿನಗರದ ಐಎಂಎ ಕುಸಿದಾಗ ಹಲಾಲ್ ಲಾಭ ಎಂದು ನಂಬಿ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಯಾರ ಬಳಿ ಹೋದರೂ ಮೂರು ಪ್ರಶ್ನೆ ಕೇಳಬೇಕು. ನಿಮ್ಮ ನೋಂದಣಿ ಎಲ್ಲಿ? ಒಟ್ಟು ಎಷ್ಟು ಕಟ್ಟಬೇಕು? ಕಂತು ತಪ್ಪಿದರೆ ಏನಾಗುತ್ತದೆ? ಉತ್ತರ ಬರಹದಲ್ಲಿ ಬರಬೇಕು.

ಬಾಡಿಗೆ, ಭೋಗ್ಯ, ಖಾತಾ

ಬಾಡಿಗೆ ಅಥವಾ ಭೋಗ್ಯದ ಮನೆಯವರಿಗೆ ಮಾಳಿಗೆಯ ಹಕ್ಕಿಲ್ಲ. ಪ್ಯಾನೆಲ್‌ನ ಖರ್ಚು ಮಾಲೀಕರದು, ಉಳಿತಾಯ ಬಾಡಿಗೆದಾರರದು. ಹೀಗಿರುವಾಗ ಮಾಲೀಕರು ಯಾಕೆ ಹಾಕಿಸುತ್ತಾರೆ? ಬಾಡಿಗೆದಾರರಿಗೆ ಸರಿಹೊಂದುವುದು ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದ ವಸ್ತುಗಳು: ಫ್ಯಾನ್, ಎಲ್‌ಇಡಿ ಬಲ್ಬ್, ಐದು ಸ್ಟಾರ್ ಫ್ರಿಜ್. ಅಪಾರ್ಟ್‌ಮೆಂಟ್ ಆದರೆ ಲಿಫ್ಟ್, ಮೋಟಾರ್ ಮುಂತಾದ ಸಾಮಾನ್ಯ ಬಳಕೆಗೆ ಸಂಘವೇ ಸೂರ್ಯಘರ್ ಅಡಿ ಕಿಲೋವ್ಯಾಟ್‌ಗೆ 18,000 ರೂ. ಸಹಾಯಧನ ಪಡೆಯಬಹುದು. ಸ್ವಂತ ಮನೆ ಇದ್ದೂ ಬಿ ಖಾತಾ ಇರುವವರಿಗೆ ಬ್ಯಾಂಕಿನಲ್ಲಿ ಅಡಮಾನ ಸಾಲ ಸಿಗುವುದು ಕಷ್ಟ. ಹೆಚ್ಚು ಬಡ್ಡಿಯ ಖಾಸಗಿ ಸಾಲದ ಕಡೆ ಅವರು ವಾಲುವ ಮೊದಲು ಮೇಲಿನ ಲೆಕ್ಕ ಮಾಡಲಿ.

ಮನೆಪಾಠ

ಈ ವಾರ ಮನೆಯ ಕಳೆದ ಹನ್ನೆರಡು ಬಿಲ್ ಒಟ್ಟುಗೂಡಿಸಿ. ಸರಾಸರಿ ಯೂನಿಟ್ ಎಷ್ಟು, ಗೃಹಜ್ಯೋತಿ ಮಿತಿ ಎಷ್ಟು, ನಿಜವಾಗಿ ಕಟ್ಟಿದ ಹಣ ಎಷ್ಟು ಎಂದು ಬರೆಯಿರಿ. ಅದರ ಪಕ್ಕದಲ್ಲಿ ಯಾರಾದರೂ ಹೇಳಿದ ಕಂತನ್ನು ಬರೆದು, ತಿಂಗಳ ಸಂಖ್ಯೆಯಿಂದ ಗುಣಿಸಿ. ಎರಡೂ ಅಂಕಿಗಳನ್ನು ಮನೆಯ ಹಿರಿಯರಿಗೆ ಅವರ ಭಾಷೆಯಲ್ಲೇ ಓದಿ ಹೇಳಿ. ಸಹಿ ಮಾಡುವವರು ಅವರು. ಸಹಿಗೆ ಮುಂಚೆ ಲೆಕ್ಕ ತೋರಿಸುವುದು ವಾಣಿಜ್ಯ ಓದುವ ಮಕ್ಕಳ ಕೆಲಸ.