ಜಾಲಿ ಗಿಡದ ಕೆಳಗೆ ಕುಳಿತ ಪ್ರವಾದಿ



ಮನಸ್ಸು ಕುಗ್ಗಿದವರು ನಮ್ಮ ಬಳಿ ಬಂದಾಗ ನಾವು ಥಟ್ಟನೆ ಹೇಳುವ ಮಾತೊಂದಿದೆ: "ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಖಿನ್ನತೆಯಲ್ಲಿರುವವರ ಕಿವಿಗೆ ಅದು 'ನಿನ್ನ ವಿಶ್ವಾಸ ಸಾಲದು' ಎಂದು ಕೇಳಿಸುತ್ತದೆ. ತಾನು ಯಾವುದಕ್ಕೂ ಬಾರದವನು ಎಂದುಕೊಂಡವರಿಗೆ ನಾವೇ ಇನ್ನೊಂದು ಕೊರತೆ ಸೇರಿಸಿದಂತಾಯಿತು. ದೇವರು ಇಂಥವರೊಡನೆ ಹೇಗೆ ನಡೆದುಕೊಂಡರೆಂದು ತಿಳಿಯಲು ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ತೆರೆಯೋಣ.

ಎಲೀಯನು ವಿಶ್ವಾಸ ಕಡಿಮೆಯಾದವನಲ್ಲ. ಆಗಷ್ಟೇ ಕರ್ಮೆಲ್ ಬೆಟ್ಟದಲ್ಲಿ ಅವನ ಪ್ರಾರ್ಥನೆಗೆ ಬೆಂಕಿ ಇಳಿದಿತ್ತು. ಅಂಥವನು ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗುತ್ತಾನೆ. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಮರುಭೂಮಿಗೆ ನಡೆದು, ಜಾಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ತನ್ನ ಪೂರ್ವಜರಿಗಿಂತ ತಾನು ಉತ್ತಮನಲ್ಲ ಎನ್ನುತ್ತಾನೆ. ಮುಂದೆ ಹೋರೇಬ್ ಬೆಟ್ಟದಲ್ಲಿ, ಜನರು ದೇವರನ್ನು ತೊರೆದರು, ಉಳಿದಿರುವವನು ತಾನೊಬ್ಬನೇ ಎಂದು ಎರಡೆರಡು ಸಲ ದೂರುತ್ತಾನೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಕಂಡದ್ದೂ ಇದನ್ನೇ. ನಾನು ಅಯೋಗ್ಯ, ಲೋಕ ನನಗೆ ವಿರೋಧಿ, ಮುಂದೆ ಏನೂ ಇಲ್ಲ: ಈ ಮೂರು ಯೋಚನೆಗಳು ಅವರಲ್ಲಿ ತಾವಾಗಿಯೇ ಏಳುತ್ತಿರುತ್ತವೆ. ಅವು ಸತ್ಯದಂತೆ ತೋರುತ್ತವೆ, ಆದರೆ ಪರೀಕ್ಷಿಸಿ ನೋಡಿದರೆ ನಿಲ್ಲುವುದಿಲ್ಲ.

ಈಗ ದೇವರ ಚಿಕಿತ್ಸೆ ನೋಡಿ. ಗದರಿಕೆ ಇಲ್ಲ, ಉಪದೇಶವೂ ಇಲ್ಲ. ಮೊದಲು ನಿದ್ದೆ. ಆಮೇಲೆ ದೂತನು ಮುಟ್ಟಿ ಎಬ್ಬಿಸಿದಾಗ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗಿದನು. ಅದಕ್ಕೂ ಬೈಗುಳವಿಲ್ಲ, ಎರಡನೆಯ ಸಲವೂ ರೊಟ್ಟಿಯೇ. (ನಮ್ಮಲ್ಲಾದರೆ 'ಎಷ್ಟು ಹೊತ್ತು ಮಲಗುತ್ತೀಯ' ಎಂದು ಕೇಳಿರುತ್ತಿದ್ದೆವು.) ದೇವರು ಮಾತನಾಡಿದ್ದು ನಲವತ್ತು ದಿನಗಳ ನಡಿಗೆಯ ಬಳಿಕ, ಅದೂ ಮೆಲುದನಿಯಲ್ಲಿ. ತಾನೊಬ್ಬನೇ ಎಂದವನಿಗೆ ಲೆಕ್ಕವನ್ನೇ ಕೊಟ್ಟರು: ಬಾಳನಿಗೆ ಮೊಣಕಾಲೂರದ 7,000 ಮಂದಿ ಇನ್ನೂ ಇದ್ದಾರೆ.

ನಾವೂ ಹೀಗೆ ಮಾಡಬಹುದು. ಮನಸ್ಸನ್ನು ಕೊರೆಯುವ ಒಂದು ವಾಕ್ಯವನ್ನು ಕಾಗದದಲ್ಲಿ ಬರೆಯಿರಿ. ಉದಾಹರಣೆಗೆ, 'ನಾನು ಮನೆಗೆ ಭಾರ'. ಪಕ್ಕದಲ್ಲಿ ಅದಕ್ಕೆ ಹೊಂದದ ಸಂಗತಿಗಳನ್ನು ಬರೆಯಿರಿ, ಎಷ್ಟೇ ಚಿಕ್ಕದಿರಲಿ. ನಿಮ್ಮ ತಂಗಿಯೇ ಈ ಮಾತು ಆಡಿದ್ದರೆ ಏನು ಹೇಳುತ್ತಿದ್ದಿರಿ, ಅದನ್ನೂ ಬರೆಯಿರಿ. ಬರೆಯಲೂ ಆಗದ ದಿನ ಸ್ನಾನ, ಊಟ, ಬೀದಿಯ ತುದಿಯವರೆಗೆ ನಡಿಗೆ ಸಾಕು. ಜಪಸರ ಪೂರ್ತಿ ಮಾಡಲಾಗದಿದ್ದರೆ ಒಂದು 'ನಮೋ ಮರಿಯ' ಸಾಕು.

ಎರಡು ವಾರ ದಾಟಿದರೂ ನಿದ್ದೆ, ಹಸಿವು, ಕೆಲಸದ ಮನಸ್ಸು ಮರಳದಿದ್ದರೆ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವುದು ಅವಿಶ್ವಾಸವಲ್ಲದಿದ್ದರೆ ಇದೂ ಅಲ್ಲ. ಸಾಯುವ ಮಾತು ಬಂದರೆ ಕಾಯಬೇಡಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮನಸ್ಸಿನ ನೋವನ್ನು ಕಲಿತ ಭಾಷೆಯಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಗಡಿಯಲ್ಲಿ ಬದುಕುವ ನಮಗೆ ಗೊತ್ತು.

ದೇವರು ಎಲೀಯನನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸಿದರು, ಮಾಡಲು ಕೆಲಸ ಕೊಟ್ಟು. ಅವನಿಗೆ ಮೊದಲು ಸಿಕ್ಕಿದ್ದು ಹನ್ನೆರಡು ಜೋಡಿ ಎತ್ತುಗಳೊಡನೆ ಹೊಲ ಉಳುತ್ತಿದ್ದ ಎಲೀಷ. ಅಲ್ಲಿಂದ ಮುಂದೆ ಇಬ್ಬರೂ ಜೊತೆಯಾಗಿ ನಡೆದರು.