ಕಾಡನ್ನು ಕುರಿತು ಊರಿನ ಮನಸ್ಸು

ಒಂದು ಕಾಡಿನಲ್ಲಿ ಎಷ್ಟು ಜಾತಿಯ ಮರಗಳಿವೆ, ಎಷ್ಟು ಬಗೆಯ ಹಕ್ಕಿಗಳಿವೆ ಎಂಬುದನ್ನು ಎಣಿಸಲು ವಿಜ್ಞಾನಿಗಳಲ್ಲಿ ಹಲವು ವಿಧಾನಗಳಿವೆ. ಆದರೆ ಆ ಕಾಡಿನ ಅಂಚಿನಲ್ಲಿ ಬಾಳುವ ಜನರು ಅದನ್ನು ಕುರಿತು ಏನೆಂದು ಭಾವಿಸುತ್ತಾರೆ ಎಂಬುದನ್ನು ತಿಳಿಯುವುದು ಹೇಗೆ? ಇದೂ ವಿಜ್ಞಾನದ ಪ್ರಶ್ನೆಯೇ ಸರಿ. ಕಾಡಿನ ಉಳಿವು ಬಹುಮಟ್ಟಿಗೆ ಆ ಜನರ ನಡತೆಯನ್ನೇ ಅವಲಂಬಿಸಿರುವುದರಿಂದ ಇದನ್ನು ಉಪೇಕ್ಷಿಸುವಂತಿಲ್ಲ.

ನಮ್ಮ ಪಶ್ಚಿಮ ಘಟ್ಟಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2011ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿಯು ಇಡೀ ಘಟ್ಟಪ್ರದೇಶವನ್ನು ಪರಿಸರದ ಸೂಕ್ಷ್ಮತೆಗೆ ಅನುಗುಣವಾಗಿ ಮೂರು ವಲಯಗಳಾಗಿ ವಿಂಗಡಿಸಬೇಕೆಂದು ಸೂಚಿಸಿತು. 2013ರಲ್ಲಿ ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಕಾರ್ಯತಂಡವು ಘಟ್ಟಗಳ ಸುಮಾರು ಶೇಕಡಾ 37 ಭಾಗವನ್ನು ಸೂಕ್ಷ್ಮಪ್ರದೇಶವೆಂದು ಗುರುತಿಸಿತು. ಈ ವರದಿಗಳ ಸುತ್ತ ಮಲೆನಾಡಿನಲ್ಲಿ ದೊಡ್ಡ ಚರ್ಚೆಯೆದ್ದಿತು. ಇಂಥ ಚರ್ಚೆಗಳಲ್ಲಿ ಜನರನ್ನು ‘ಪರ’ ಮತ್ತು ‘ವಿರೋಧ’ ಎಂಬ ಎರಡು ಪಂಗಡಗಳಾಗಿ ಒಡೆಯುವುದು ವಾಡಿಕೆ. ಇದು ಎಷ್ಟರಮಟ್ಟಿಗೆ ಸರಿ?

ಘಟ್ಟದ ಒಂದು ಊರನ್ನು ಕಲ್ಪಿಸಿಕೊಳ್ಳಿ. ‘ಕಾಡಿನ ರಕ್ಷಣೆಗೆ ಹೊಸ ಕಟ್ಟಳೆ ಬೇಕೇ?’ ಎಂಬ ಪ್ರಶ್ನೆಗೆ ಅಲ್ಲಿ ಇಬ್ಬರು ‘ಬೇಡ’ ಎಂದರೆನ್ನೋಣ. ಮೊದಲನೆಯವನು ಕಾಡನ್ನು ಕಡಿದು ತೋಟ ಮಾಡಬೇಕೆನ್ನುವವನು. ಎರಡನೆಯವನು ಅಡಕೆಯ ಬೆಳೆಗಾರ. ತಲೆತಲಾಂತರದಿಂದ ಸೊಪ್ಪಿನ ಬೆಟ್ಟವನ್ನು ಕಾಪಾಡಿಕೊಂಡು ಬಂದವನು. ಹೊಸ ಕಟ್ಟಳೆಯಿಂದ ಸೊಪ್ಪು ತರುವ ಹಕ್ಕು ಕೈತಪ್ಪೀತೆಂಬ ಅಂಜಿಕೆ ಅವನದು. ಪ್ರಶ್ನಾವಳಿಯ ಲೆಕ್ಕದಲ್ಲಿ ಇವರಿಬ್ಬರೂ ಒಂದೇ. ನಿಜವಾಗಿ ಇವರ ನಡುವೆ ಅಜಗಜಾಂತರ. ಎರಡನೆಯವನನ್ನೂ ಕಾಡಿನ ವೈರಿಯೆಂದು ಬಗೆದರೆ, ಕಾಡು ತನ್ನ ಕಾವಲುಗಾರನೊಬ್ಬನನ್ನು ಕಳೆದುಕೊಳ್ಳುವುದು.

ಈ ತೊಡಕನ್ನು ಬಿಡಿಸಲು ನೆರವಾಗುವ ಉಪಾಯಗಳಲ್ಲಿ ಒಂದು ‘ಕ್ಯೂ ವಿಧಾನ’. ಇದರ ಜನಕನು ಇಂಗ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಸ್ಟೀಫನ್‌ಸನ್ (1902–1989). ಈತನು ಭೌತವಿಜ್ಞಾನ, ಮನೋವಿಜ್ಞಾನ ಎರಡರಲ್ಲಿಯೂ ಡಾಕ್ಟರೇಟ್ ಪಡೆದವನು. 1935ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಒಂದು ಚಿಕ್ಕ ಪತ್ರದಲ್ಲಿ ತನ್ನ ವಿಚಾರವನ್ನು ಮುಂದಿಟ್ಟು, 1953ರಲ್ಲಿ ಅದನ್ನು ಗ್ರಂಥರೂಪದಲ್ಲಿ ವಿಸ್ತರಿಸಿದನು. ಮನೋವಿಜ್ಞಾನಿಗಳು ಆಗ ಹೆಚ್ಚಾಗಿ ಅನೇಕರಿಗೆ ಹಲವು ಪರೀಕ್ಷೆಗಳನ್ನು ಕೊಟ್ಟು, ಒಂದು ಪರೀಕ್ಷೆಗೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಗಣಿಸುತ್ತಿದ್ದರು. ಸ್ಟೀಫನ್‌ಸನ್ನನು ಲೆಕ್ಕವನ್ನೇ ತಿರುಗಿಸಿ, ಒಬ್ಬ ವ್ಯಕ್ತಿಯ ನೋಟಕ್ಕೂ ಮತ್ತೊಬ್ಬನ ನೋಟಕ್ಕೂ ಇರುವ ಸಂಬಂಧವನ್ನು ಗಣಿಸಿದನು.

ವಿಧಾನವು ಸರಳವಾದುದು. ಸಂಶೋಧಕನು ಮೊದಲು ಊರಿನಲ್ಲಿ ತಿರುಗಾಡಿ, ಜನರಾಡುವ ಮಾತುಗಳನ್ನು ಸಂಗ್ರಹಿಸುವನು: ‘ಕಾಡಿದ್ದರೇ ತೋಟಕ್ಕೆ ನೀರು’, ‘ಬೆಳೆ ತುಳಿದ ಆನೆಯನ್ನು ಹೇಗೆ ಪ್ರೀತಿಸಲಿ?’, ‘ದೇವರಕಾಡಿಗೆ ಕೊಡಲಿ ತಾಗಬಾರದು’, ‘ಕಾನೂನಿಲ್ಲದೆ ಯಾವ ಮರವೂ ಉಳಿಯದು’. ಇವುಗಳಲ್ಲಿ ಭಿನ್ನಭಿನ್ನವಾದ 25ನ್ನು ಆರಿಸಿ, ಒಂದೊಂದನ್ನು ಒಂದೊಂದು ಚೀಟಿಯ ಮೇಲೆ ಬರೆಯುವನೆನ್ನೋಣ. ಬಳಿಕ ರೈತ, ಕೂಲಿಗಾರ, ಅರಣ್ಯ ರಕ್ಷಕ, ಗೃಹಿಣಿ, ವಿದ್ಯಾರ್ಥಿ ಹೀಗೆ ಬೇರೆ ಬೇರೆ ಬಾಳಿನ ಮೂವತ್ತು ನಾಲ್ವತ್ತು ಮಂದಿಗೆ ಅವುಗಳನ್ನು ಕೊಡುವನು. ಓದು ಬಾರದವರಿಗೆ ಚೀಟಿಗಳನ್ನು ಓದಿ ಹೇಳಬಹುದು.

ಪ್ರತಿಯೊಬ್ಬರೂ ಚೀಟಿಗಳನ್ನು −4ರಿಂದ +4ರವರೆಗಿನ ಒಂಬತ್ತು ಸಾಲುಗಳಲ್ಲಿ ಜೋಡಿಸಬೇಕು. ಪೂರ್ಣವಾಗಿ ಒಪ್ಪದ ಮಾತು −4ಕ್ಕೆ. ಹೃದಯಕ್ಕೆ ಅತ್ಯಂತ ಹತ್ತಿರವಾದುದು +4ಕ್ಕೆ. ಸಾಲುಗಳಲ್ಲಿ ಕ್ರಮವಾಗಿ 1, 2, 3, 4, 5, 4, 3, 2, 1 ಚೀಟಿಗಳಿಗೆ ಮಾತ್ರ ಸ್ಥಳವುಂಟು. ಆದುದರಿಂದ ಎಲ್ಲಕ್ಕೂ ‘ಹೌದು’ ಎಂದು ತಲೆಯಾಡಿಸಿ ಪಾರಾಗುವಂತಿಲ್ಲ. ಒಂದು ಮಾತನ್ನು ಮತ್ತೊಂದರೊಡನೆ ತೂಗಿ ನೋಡಲೇಬೇಕು.

ಇನ್ನು ಗಣಿತ. ಇಬ್ಬರ ಜೋಡಣೆಗಳನ್ನು ತೆಗೆದುಕೊಂಡು, ಪ್ರತಿ ಚೀಟಿಗೂ ಅವರಿತ್ತ ಅಂಕಗಳ ವ್ಯತ್ಯಾಸವನ್ನು ವರ್ಗಿಸಿ, ಆ ವರ್ಗಗಳನ್ನೆಲ್ಲ ಕೂಡಿಸಿರಿ. ಮೊತ್ತವನ್ನು 200ರಿಂದ ಭಾಗಿಸಿ, ಬಂದುದನ್ನು 1ರಿಂದ ಕಳೆಯಿರಿ. ಉಳಿದುದೇ ಆ ಇಬ್ಬರ ಸಹಸಂಬಂಧಾಂಕ. ಜೋಡಣೆಗಳು ಒಂದೇ ಆಗಿದ್ದರೆ ಮೊತ್ತ 0, ಅಂಕ +1. ತೀರ ವಿಲೋಮವಾಗಿದ್ದರೆ ಮೊತ್ತ 400, ಅಂಕ −1. ಮೊತ್ತವು 40 ಆದರೆ ಅಂಕ 0.8, ಅಂದರೆ ಇಬ್ಬರ ನೋಟವೂ ಬಹಳ ಸಮೀಪ. (ಮೇಲಿನ ಒಂಬತ್ತು ಸಾಲುಗಳ ಅಂಕಗಳನ್ನು ವರ್ಗಿಸಿ ಕೂಡಿಸಿದರೆ 100 ಬರುವುದು, ಅದರ ಇಮ್ಮಡಿಯೇ ಈ 200.) ಹೀಗೆ ಎಲ್ಲ ಜೋಡಿಗಳ ಅಂಕಗಳನ್ನು ಪಡೆದು, ‘ಘಟಕ ವಿಶ್ಲೇಷಣೆ’ ಎಂಬ ಗಣಿತದಿಂದ ಸಮಾನ ನೋಟದವರ ಗುಂಪುಗಳನ್ನು ಕಂಡುಕೊಳ್ಳುವರು. ಈ ದೀರ್ಘ ಲೆಕ್ಕವನ್ನು ಈಗ ಗಣಕಯಂತ್ರವು ಕ್ಷಣದಲ್ಲಿ ಮಾಡಿಕೊಡುತ್ತದೆ.

ಆಗ ನಮ್ಮ ಕಲ್ಪನೆಯ ಊರಿನಲ್ಲಿ ‘ಬೇಡ’ ಎಂದ ಇಬ್ಬರೂ ಬೇರೆ ಬೇರೆ ಗುಂಪಿಗೆ ಸೇರಬಹುದು. ‘ಬೇಕು’ ಎಂದ ವಿದ್ಯಾರ್ಥಿಯು ಆ ಅಡಕೆ ಬೆಳೆಗಾರನ ಗುಂಪಿನಲ್ಲಿಯೇ ಕಾಣಿಸಿಕೊಳ್ಳಬಹುದು! ಕೊನೆಗೆ ಸಂಶೋಧಕನು ‘ಈ ಚೀಟಿಯನ್ನು ತುದಿಯಲ್ಲಿ ಇಟ್ಟದ್ದೇಕೆ?’ ಎಂದು ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಳ್ಳುವನು. ಅಂಕಿಗಳಿಗೆ ಅರ್ಥ ಬರುವುದು ಈ ಉತ್ತರಗಳಿಂದಲೇ.

ಆದರೆ ವಿಧಾನದ ಮಿತಿಯನ್ನೂ ಮರೆಯಬಾರದು. ಯಾವ ಯಾವ ನೋಟಗಳಿವೆ ಎಂಬುದನ್ನು ಇದು ತೋರಿಸುವುದೇ ಹೊರತು, ಯಾವುದರ ಪರವಾಗಿ ಎಷ್ಟು ಜನರಿದ್ದಾರೆಂಬುದನ್ನಲ್ಲ. ಅದಕ್ಕೆ ಯಾದೃಚ್ಛಿಕವಾಗಿ ಆರಿಸಿದ ಬಹುಜನರ ಸಮೀಕ್ಷೆಯೇ ಬೇಕು. ಅಲ್ಲದೆ, ಚೀಟಿಯಲ್ಲಿ ಇಲ್ಲದ ಮಾತು ಫಲಿತಾಂಶದಲ್ಲಿ ಬಾರದು. ಅಧಿಕಾರಿಗಳ ಮಾತನ್ನಷ್ಟೇ ಸಂಗ್ರಹಿಸಿದರೆ ಹಳ್ಳಿಗನ ಮನಸ್ಸು ಎಂದಿಗೂ ಹೊರಬೀಳದು.

ನಿಮ್ಮ ಊರಿನ ಕೆರೆಯನ್ನೋ ಗುಡ್ಡವನ್ನೋ ಕುರಿತು, 25 ಚೀಟಿಗಳೊಡನೆ ನಿಮ್ಮ ತರಗತಿಯಲ್ಲಿಯೇ ಈ ಪ್ರಯೋಗವನ್ನು ನಡೆಸಿ ನೋಡಿರಿ. ನಮ್ಮ ಎದುರು ಪಕ್ಷದವನೆಂದು ಬಗೆದಿದ್ದ ಗೆಳೆಯನೊಡನೆ ನಮಗೆಷ್ಟು ಒಮ್ಮತವಿದೆಯೆಂಬುದು ಅಲ್ಲಿ ತಿಳಿದುಬಂದೀತು. ಪ್ರಕೃತಿಯ ರಕ್ಷಣೆಯ ಕೆಲಸವನ್ನು ಅಂಥ ಒಮ್ಮತದಿಂದ ಪ್ರಾರಂಭಿಸುವುದು ಸುಲಭ.